ಉಪಗ್ರಹದ ಎರಡು ಆಯುಷ್ಯ

1957ರ ಅಕ್ಟೋಬರ್ 4ರಂದು ಹಾರಿದ ಸ್ಪುಟ್ನಿಕ್-1 ಎರಡು ಸಲ ಸತ್ತಿತು. ಬೆಳ್ಳಿ-ಸತುವಿನ ಬ್ಯಾಟರಿಗಳು ಬರಿದಾಗಿ ಅದರ ರೇಡಿಯೋ ದನಿ ಮೂರು ವಾರಗಳಲ್ಲಿ ನಿಂತುಹೋದದ್ದು ಮೊದಲ ಸಾವು. ದನಿಯಿಲ್ಲದ ಆ 83.6 ಕಿಲೋ ತೂಕದ ಗೋಳ ಮತ್ತೆ ಎರಡು ತಿಂಗಳಿಗೂ ಮಿಕ್ಕಿ ಭೂಮಿಯನ್ನು ಸುತ್ತಿ, 1958ರ ಜನವರಿ 4ರಂದು ವಾತಾವರಣದಲ್ಲಿ ಉರಿದುಹೋದದ್ದು ಎರಡನೆಯದು.

ಆಮೇಲೆ ಬಂದವುಗಳ ಕತೆಯೂ ಬಹುಪಾಲು ಹೀಗೆಯೇ. 1958ರ ಮಾರ್ಚ್ 17ರಂದು ಹೋದ ಅಮೆರಿಕದ ವ್ಯಾನ್‌ಗಾರ್ಡ್-1 ಒಂದೂವರೆ ಕಿಲೋ ತೂಕವೂ ಇರಲಿಲ್ಲ. ಸೌರಕೋಶಗಳಿಂದ ವಿದ್ಯುತ್ ಪಡೆದ ಮೊದಲ ಉಪಗ್ರಹ ಅದು. 1964ರವರೆಗೆ ಮಾತಾಡಿತು, ಈಗಲೂ ಮೂಕವಾಗಿ ಸುತ್ತುತ್ತಲೇ ಇದೆ. ನಮ್ಮ ಆರ್ಯಭಟವನ್ನೇ ನೋಡಿ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಸಿದ್ಧವಾದ, ಸುಮಾರು 360 ಕಿಲೋ ತೂಕದ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ಟಿನ್ ಯಾರ್‌ನಿಂದ ಮೇಲೇರಿತು. ವಿದ್ಯುತ್ ಪೂರೈಕೆಯಲ್ಲಿ ದೋಷ ಕಾಣಿಸಿಕೊಂಡು ಐದು ದಿನಗಳೊಳಗೆ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಕಕ್ಷೆ ಮಾತ್ರ 1992ರ ಫೆಬ್ರವರಿಯವರೆಗೆ, ಹತ್ತಿರ ಹತ್ತಿರ 17 ವರ್ಷ, ಉಳಿದುಕೊಂಡಿತು.

ಉಪಗ್ರಹಕ್ಕೆ ಎರಡು ಆಯುಷ್ಯ. ಒಂದನ್ನು ಕೊಡುವುದು ಗುರುತ್ವ, ಇನ್ನೊಂದನ್ನು ಕೊಡುವುದು ಅದರೊಳಗಿನ ವಿದ್ಯುತ್ ಮಂಡಲ. ನಮ್ಮ ಶಾಲೆಗಳಲ್ಲಿ ಗುರುತ್ವ 9ನೇ ತರಗತಿಯ ಪಾಠ, ವಿದ್ಯುತ್ 10ನೇ ತರಗತಿಯದು. ನಡುವೆ ಒಂದು ಬೇಸಿಗೆ ರಜೆ ಕಳೆದಿರುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆ ಎಂದು ಯಾವ ಮಗುವಿಗೂ ಅನಿಸುವುದಿಲ್ಲ. ನಿಜವಾಗಿ ಉಪಗ್ರಹದಲ್ಲಿ ಈ ಎರಡು ಪಾಠಗಳು ಗಂಟೆ ಗಂಟೆಗೂ ಮುಖಾಮುಖಿಯಾಗುತ್ತವೆ. ಇವನ್ನು ಕೂಡಿಸಿ ಓದಿದರೆ ಎರಡೂ ಹೆಚ್ಚು ಚೆನ್ನಾಗಿ ಅರ್ಥವಾಗುತ್ತವೆ ಎಂಬುದು ನನ್ನ ದೃಢ ನಂಬಿಕೆ.

ಮೊದಲು ಗುರುತ್ವ. ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲಾಡುವ ಗಗನಯಾನಿಗಳನ್ನು ಟಿವಿಯಲ್ಲಿ ನೋಡಿದವರಲ್ಲಿ ಹೆಚ್ಚಿನವರು ಅಲ್ಲಿ ಗುರುತ್ವವೇ ಇಲ್ಲ ಎಂದುಕೊಳ್ಳುತ್ತಾರೆ. ವಾರ್ತೆಗಳಲ್ಲಿ ಬಳಸುವ ‘ಶೂನ್ಯ ಗುರುತ್ವ’ ಎಂಬ ಮಾತು ಈ ತಪ್ಪನ್ನು ಇನ್ನಷ್ಟು ಗಟ್ಟಿ ಮಾಡಿದೆ. ಲೆಕ್ಕ ಸರಳ. ಭೂಮಿಯ ತ್ರಿಜ್ಯ 6,371 ಕಿಲೋಮೀಟರ್, ನಿಲ್ದಾಣ ಇರುವುದು ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಭೂಮಿಯ ಕೇಂದ್ರದಿಂದ ದೂರ 6,771 ಆಯಿತು, ಅಷ್ಟೇ. ದೂರದ ವರ್ಗಕ್ಕೆ ತಕ್ಕಂತೆ ಗುರುತ್ವ ಇಳಿಯುತ್ತದೆ ಎಂಬ ನ್ಯೂಟನ್‌ನ ನಿಯಮವನ್ನು ಹಚ್ಚಿದರೆ, ನೆಲದ ಮೇಲೆ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್ ಇದ್ದ ವೇಗೋತ್ಕರ್ಷ ಅಲ್ಲಿ 8.7 ಆಗುತ್ತದೆ. ನೂರರಲ್ಲಿ ಎಂಬತ್ತೆಂಟು ಪಾಲಿಗೂ ಹೆಚ್ಚು ಗುರುತ್ವ ಹಾಗೆಯೇ ಇದೆ.

ಹಾಗಾದರೆ ನಿಲ್ದಾಣ ಬೀಳುವುದಿಲ್ಲವೇಕೆ? ಬೀಳುತ್ತಲೇ ಇದೆ. ಎತ್ತರದ ಬೆಟ್ಟದ ತುದಿಯಿಂದ ಅಡ್ಡಲಾಗಿ ಹಾರಿಸಿದ ಫಿರಂಗಿ ಗುಂಡನ್ನು ನ್ಯೂಟನ್ ಊಹಿಸಿಕೊಂಡಿದ್ದ. ಗುಂಡು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಕೆಳಗೆ ಬೀಳುತ್ತದೆ. ನಿಧಾನವಾಗಿ ಹೋದರೂ ಅಷ್ಟೇ, ಜೋರಾಗಿ ಹೋದರೂ ಅಷ್ಟೇ. ಆದರೆ ಭೂಮಿ ಚಪ್ಪಟೆಯಲ್ಲ. ಸುಮಾರು 8 ಕಿಲೋಮೀಟರ್ ಮುಂದೆ ಹೋಗುವಷ್ಟರಲ್ಲಿ ನೆಲವೂ ಅದೇ 4.9 ಮೀಟರ್ ಕೆಳಗೆ ಬಾಗಿರುತ್ತದೆ. ಸೆಕೆಂಡಿಗೆ 8 ಕಿಲೋಮೀಟರ್ ವೇಗದಲ್ಲಿ ಹೋದ ಗುಂಡು ಎಷ್ಟು ಬಿದ್ದರೂ ನೆಲ ಅದರಿಂದ ಅಷ್ಟೇ ದೂರದಲ್ಲಿರುತ್ತದೆ. ನಿಲ್ದಾಣವೂ ಅದರೊಳಗಿನ ಮನುಷ್ಯರೂ ಒಂದೇ ಸಮನೆ ಬೀಳುತ್ತಿರುವುದರಿಂದ ಒಬ್ಬರನ್ನೊಬ್ಬರು ಒತ್ತುವುದಿಲ್ಲ. ತೂಕ ಗೊತ್ತಾಗುವುದು ಒತ್ತಿದಾಗ ಮಾತ್ರ. ಈ ಲೆಕ್ಕದಲ್ಲಿ ಉಪಗ್ರಹದ ದ್ರವ್ಯರಾಶಿಗೆ ಜಾಗವೇ ಇಲ್ಲ ಎಂಬುದನ್ನೂ ಗಮನಿಸಬೇಕು: ಒಂದೇ ಕಕ್ಷೆಯಲ್ಲಿ ನಾಲ್ಕು ನೂರು ಟನ್ನಿನ ನಿಲ್ದಾಣ ಹೋಗುವ ವೇಗವೂ ಅದರಿಂದ ಕಳಚಿಕೊಂಡ ಸ್ಪ್ಯಾನರ್ ಹೋಗುವ ವೇಗವೂ ಒಂದೇ.

ಎತ್ತರ ಹೆಚ್ಚಿದಷ್ಟೂ ಬೇಕಾದ ವೇಗ ಕಡಿಮೆ. 400 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ 7.67 ಕಿಲೋಮೀಟರ್, ಒಂದು ಸುತ್ತಿಗೆ ಸುಮಾರು 92 ನಿಮಿಷ. 35,786 ಕಿಲೋಮೀಟರ್ ಎತ್ತರದಲ್ಲಿ ವೇಗ 3.07ಕ್ಕೆ ಇಳಿಯುತ್ತದೆ, ಸುತ್ತಿಗೆ 23 ಗಂಟೆ 56 ನಿಮಿಷ ಹಿಡಿಯುತ್ತದೆ. ಭೂಮಿ ತನ್ನ ಸುತ್ತ ತಿರುಗುವುದೂ ಅಷ್ಟೇ ಹೊತ್ತಿನಲ್ಲಾದ್ದರಿಂದ ಸಮಭಾಜಕದ ಮೇಲಿನ ಆ ‘ಭೂಸ್ಥಿರ’ ಉಪಗ್ರಹ ಆಕಾಶದಲ್ಲಿ ನಿಂತಂತೆ ಕಾಣುತ್ತದೆ. ಮನೆಯ ತಾರಸಿಯ ಡಿಶ್ ಆಂಟೆನಾವನ್ನು ಒಮ್ಮೆ ತಿರುಗಿಸಿಟ್ಟರೆ ಸಾಕಾಗುವುದು ಈ ಕಾರಣಕ್ಕೇ. ಮೂರೂಮುಕ್ಕಾಲು ಲಕ್ಷ ಕಿಲೋಮೀಟರಿಗೂ ಆಚೆ ಇರುವ ಚಂದ್ರನಿಗೆ ಸೆಕೆಂಡಿಗೆ ಒಂದು ಕಿಲೋಮೀಟರ್ ಸಾಕು.

ಇದರಿಂದ ಹುಟ್ಟುವ ಒಂದು ವಿಚಿತ್ರವಿದೆ. ಕೆಳಗಿನ ಕಕ್ಷೆಯಲ್ಲಿ ತೆಳುವಾಗಿಯಾದರೂ ಗಾಳಿ ಇದೆ, ಅದು ಉಪಗ್ರಹವನ್ನು ತಡೆಯುತ್ತದೆ. ತಡೆದರೆ ವೇಗ ಕಡಿಮೆಯಾಗಬೇಕಲ್ಲವೇ? ಆಗುವುದು ಉಲ್ಟಾ. ಶಕ್ತಿ ಕಳೆದುಕೊಂಡ ಉಪಗ್ರಹ ಕೆಳಗಿನ ಕಕ್ಷೆಗೆ ಜಾರುತ್ತದೆ, ಕೆಳಗಿನ ಕಕ್ಷೆಯಲ್ಲಿ ವೇಗ ಹೆಚ್ಚು. 2022ರ ಫೆಬ್ರವರಿಯಲ್ಲಿ ಸೂರ್ಯನಿಂದ ಎದ್ದ ಭೂಕಾಂತೀಯ ಬಿರುಗಾಳಿ ಮೇಲಿನ ವಾತಾವರಣವನ್ನು ಬಿಸಿ ಮಾಡಿ ಉಬ್ಬಿಸಿತು. ಆಗಷ್ಟೇ ಹಾರಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚಿನವು ಮೇಲೇರಲಾರದೆ ಉರಿದುಹೋದವು. ವಿದ್ಯುತ್ ಆಯುಷ್ಯ ಇನ್ನೂ ಬೇಕಾದಷ್ಟಿತ್ತು, ಕಕ್ಷೆಯ ಆಯುಷ್ಯ ಮುಗಿದಿತ್ತು.

ಇನ್ನು ವಿದ್ಯುತ್ತು. ಇಲ್ಲಿಯೂ ಅಷ್ಟೇ ಬೇರೂರಿದ ಒಂದು ತಪ್ಪು ತಿಳುವಳಿಕೆ ಇದೆ: ಬಲ್ಬು ಕರೆಂಟನ್ನು ‘ತಿನ್ನುತ್ತದೆ’, ಬ್ಯಾಟರಿಯ ಒಂದು ತುದಿಯಿಂದ ಹೊರಟದ್ದರಲ್ಲಿ ಸ್ವಲ್ಪ ಮಾತ್ರ ಇನ್ನೊಂದು ತುದಿಗೆ ಮರಳುತ್ತದೆ ಎಂಬುದು. ಹಾಗಲ್ಲ. ಒಂದು ಆಂಪಿಯರ್ ಹೊರಟರೆ ಒಂದು ಆಂಪಿಯರೇ ಮರಳುತ್ತದೆ; ತಂತಿಗಳು ಸೇರುವ ಯಾವ ಗಂಟಿನಲ್ಲಿಯೂ ಒಳಬಂದ ಕರೆಂಟೆಲ್ಲ ಹೊರಹೋಗಲೇಬೇಕು ಎಂದು ಕಿರ್ಚಾಫ್ 1845ರಲ್ಲಿ ನಿಯಮವನ್ನೇ ಕೊಟ್ಟ. ಖರ್ಚಾಗುವುದು ಶಕ್ತಿ. ಗುರುತ್ವ ಎಲ್ಲೋ ಮೇಲೆ ಮುಗಿದುಹೋಗುತ್ತದೆ ಎನ್ನುವವರೂ ಕರೆಂಟು ಬಲ್ಬಿನಲ್ಲಿ ಮುಗಿದುಹೋಗುತ್ತದೆ ಎನ್ನುವವರೂ ಒಂದೇ ಜಾಗದಲ್ಲಿ ಎಡವುತ್ತಾರೆ: ಉಳಿಯುವುದು ಯಾವುದು, ರೂಪ ಬದಲಿಸುವುದು ಯಾವುದು ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಉಪಗ್ರಹದ ವಿದ್ಯುತ್ ಮಂಡಲ ಮೂಲದಲ್ಲಿ 10ನೇ ತರಗತಿಯ ಮಂಡಲವೇ. ಒಂದು ಸಿಲಿಕಾನ್ ಸೌರಕೋಶ ಕೊಡುವುದು ಅರ್ಧ ವೋಲ್ಟಿನಷ್ಟು. ಹತ್ತಾರು ಕೋಶಗಳನ್ನು ಸರಣಿಯಲ್ಲಿ ಜೋಡಿಸಿ ಬೇಕಾದ ವೋಲ್ಟೇಜ್ ಪಡೆಯುತ್ತಾರೆ, ಅಂಥ ಸಾಲುಗಳನ್ನು ಸಮಾಂತರವಾಗಿ ಕೂಡಿಸಿ ಬೇಕಾದ ಕರೆಂಟ್ ಪಡೆಯುತ್ತಾರೆ. ಸರಣಿಯ ಅಪಾಯ ನಮಗೆಲ್ಲ ಗೊತ್ತು: ಗಣೇಶನ ಪೆಂಡಾಲಿನ ಹಳೆಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಇಡೀ ಸಾಲು ಕತ್ತಲಾಗುತ್ತದೆ. ಸೌರಫಲಕದಲ್ಲಿಯೂ ಹಾಗೆಯೇ. ಆಂಟೆನಾದ ನೆರಳು ಒಂದೇ ಒಂದು ಕೋಶದ ಮೇಲೆ ಬಿದ್ದರೂ ಆ ಸಾಲಿನ ಕರೆಂಟೆಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅಷ್ಟೇ ಅಲ್ಲ, ಉಳಿದ ಕೋಶಗಳು ನೂಕುವ ಶಕ್ತಿಯೆಲ್ಲ ಆ ಒಂದರಲ್ಲಿ ಶಾಖವಾಗಿ ಅದನ್ನು ಸುಡಬಹುದು. ಅದಕ್ಕೇ ಕರೆಂಟು ಬಳಸಿ ಹೋಗಲು ಪಕ್ಕದಲ್ಲೊಂದು ಡಯೋಡ್ ಇಡುತ್ತಾರೆ. ಕತ್ತಲಲ್ಲಿ ಬ್ಯಾಟರಿಯ ವಿದ್ಯುತ್ತು ಹಿಮ್ಮುಖವಾಗಿ ಫಲಕಕ್ಕೆ ಹರಿದು ಪೋಲಾಗದಂತೆ ಪ್ರತಿ ಸಾಲಿನ ತುದಿಗೂ ಇನ್ನೊಂದು ಡಯೋಡ್.

ವೋಲ್ಟೇಜ್ ಎಷ್ಟಿರಬೇಕು ಎಂಬುದೂ ಓಮ್‌ನ ನಿಯಮದಿಂದಲೇ ತೀರ್ಮಾನವಾಗುವ ವಿಷಯ. ಒಂದು ಸಾವಿರ ವ್ಯಾಟ್ ಸಾಗಿಸಬೇಕಾದರೆ 28 ವೋಲ್ಟಿನಲ್ಲಿ ಸುಮಾರು 36 ಆಂಪಿಯರ್ ಹರಿಯಬೇಕು, 100 ವೋಲ್ಟಿನಲ್ಲಿ 10 ಸಾಕು. ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಅದೇ ತಂತಿಯಲ್ಲಿ ನಷ್ಟ ಹದಿಮೂರು ಪಟ್ಟಿನಷ್ಟು ಇಳಿಯುತ್ತದೆ. ಶರಾವತಿಯ ವಿದ್ಯುತ್ತನ್ನು 220 ಕಿಲೋವೋಲ್ಟಿಗೆ ಏರಿಸಿ ಸಾಗಿಸುವುದರ ಹಿಂದಿರುವುದೂ ಇದೇ ವರ್ಗದ ಲೆಕ್ಕ. ಚಿಕ್ಕ ಉಪಗ್ರಹಗಳು 28 ವೋಲ್ಟಿನ ಆಸುಪಾಸಿನಲ್ಲಿ ಉಳಿದರೂ ದೊಡ್ಡ ಸಂಪರ್ಕ ಉಪಗ್ರಹಗಳು 100 ವೋಲ್ಟಿನವರೆಗೆ ಏರಿದ್ದು ಇದರಿಂದಲೇ. ತಂತಿ ತೆಳುವಾದರೆ ತೂಕ ಉಳಿಯುತ್ತದೆ, ತೂಕ ಉಳಿದಷ್ಟೂ ರಾಕೆಟ್ಟಿನ ಹೊರೆ ಇಳಿಯುತ್ತದೆ; ಓಮ್‌ನ ನಿಯಮದ ಈ ತುದಿ ಹೋಗಿ ಮುಟ್ಟುವುದು ಗುರುತ್ವವನ್ನೇ.

ನೆಲದ ಮೇಲೆ ಇರುವ ಎರಡು ಅನುಕೂಲಗಳು ಮೇಲೆ ಇಲ್ಲ. ಮನೆಯ ಅರ್ಥಿಂಗ್ ತಂತಿಯನ್ನು ಮಣ್ಣಿಗೆ ಇಳಿಸುತ್ತೇವೆ. ಉಪಗ್ರಹಕ್ಕೆ ಮಣ್ಣಿಲ್ಲ, ತನ್ನ ಲೋಹದ ಮೈಯನ್ನೇ ಸೊನ್ನೆ ವೋಲ್ಟ್ ಎಂದು ಇಟ್ಟುಕೊಳ್ಳಬೇಕು. ಎರಡನೆಯದು ಗಾಳಿ. ನೆಲದ ಮೇಲೆ ಬಿಸಿಯಾದ ಗಾಳಿ ಹಗುರವಾಗಿ ಮೇಲೇಳುವುದಕ್ಕೂ ಗುರುತ್ವವೇ ಕಾರಣ. ಬೀಳುತ್ತಿರುವ ನಿಲ್ದಾಣದೊಳಗೆ ಗಾಳಿ ಇದ್ದರೂ ಬಿಸಿಗಾಳಿ ಮೇಲೇಳುವುದಿಲ್ಲ, ಏಕೆಂದರೆ ಅಲ್ಲಿ ‘ಮೇಲೆ’ ಎಂಬುದೇ ಇಲ್ಲ. ಫ್ಯಾನ್ ನಿಂತರೆ ಸರ್ಕ್ಯೂಟಿನ ಶಾಖ ಅದರ ಸುತ್ತಲೇ ಕೂತಿರುತ್ತದೆ.

ಈ ಎರಡು ಪಾಠಗಳು ನಿಜವಾಗಿ ಕೈ ಕೈ ಹಿಡಿಯುವ ಜಾಗ ನೆರಳು. ಉಪಗ್ರಹದ ಮಟ್ಟಿಗೆ ಗ್ರಹಣವೆಂದರೆ ಭೂಮಿಯ ನೆರಳಿನಲ್ಲಿ ಕಳೆಯುವ ಹೊತ್ತು. ಅಲ್ಲಿ ಫಲಕ ಸೊನ್ನೆ, ಬದುಕೆಲ್ಲ ಬ್ಯಾಟರಿಯ ಮೇಲೆ. ಆ ಹೊತ್ತು ಎಷ್ಟು ಎಂದು ತೀರ್ಮಾನಿಸುವುದು ಕಕ್ಷೆ, ಅಂದರೆ ಗುರುತ್ವ. ಕೆಳಗಿನ ಕಕ್ಷೆಯಲ್ಲಿ ಪ್ರತಿ ಒಂದೂವರೆ ಗಂಟೆಯ ಸುತ್ತಿನಲ್ಲಿ 35 ನಿಮಿಷದಷ್ಟು ಕತ್ತಲು. ದಿನಕ್ಕೆ ಹದಿನೈದು ಸಲ, ವರ್ಷಕ್ಕೆ ಸುಮಾರು 5,500 ಸಲ ಬ್ಯಾಟರಿ ಬರಿದಾಗಿ ತುಂಬಬೇಕು. ಅಷ್ಟು ಸಲ ಪೂರ್ತಿ ಬರಿದು ಮಾಡಿದರೆ ಯಾವ ಬ್ಯಾಟರಿಯೂ ತಾಳುವುದಿಲ್ಲ. ಆದ್ದರಿಂದ ಪ್ರತಿ ಸಲ ಅದರ ಸಾಮರ್ಥ್ಯದ ಕಾಲು ಪಾಲಿನಷ್ಟನ್ನು ಮಾತ್ರ ಬಳಸಿ, ಉಳಿದದ್ದನ್ನು ಮುಟ್ಟದೆ ಬಿಡುತ್ತಾರೆ.

ಭೂಸ್ಥಿರ ಕಕ್ಷೆಯ ಲೆಕ್ಕ ಇನ್ನೂ ಸೊಗಸಾದದ್ದು. ಕಾಗದ ಪೆನ್ಸಿಲ್ ಹಿಡಿದ ಯಾರಾದರೂ ಮಾಡಬಹುದು. ಭೂಮಿಯ ಕೇಂದ್ರದಿಂದ 42,164 ಕಿಲೋಮೀಟರ್ ದೂರದಲ್ಲಿ ಉಪಗ್ರಹ, ನಡುವೆ 6,378 ಕಿಲೋಮೀಟರ್ ತ್ರಿಜ್ಯದ ಭೂಮಿ. ಭೂಮಿಯ ನೆರಳು ಕಕ್ಷೆಯಲ್ಲಿ ಆವರಿಸುವ ಕೋನ 17.4 ಡಿಗ್ರಿ. 360 ಡಿಗ್ರಿಗೆ 24 ಗಂಟೆಯಾದರೆ 17.4 ಡಿಗ್ರಿಗೆ ಸುಮಾರು 70 ನಿಮಿಷ. ಅಂಚಿನ ಅರೆನೆರಳನ್ನೂ ಕೂಡಿಸಿದರೆ 72. ಇನ್ನೂ ಒಂದು ಮಾತು: ಸೂರ್ಯ ಸಮಭಾಜಕದ ಸಮತಲದಿಂದ 8.7 ಡಿಗ್ರಿಗಿಂತ ಹೆಚ್ಚು ಆಚೆ ಸರಿದಿದ್ದರೆ ನೆರಳು ಉಪಗ್ರಹಕ್ಕೆ ತಾಕುವುದೇ ಇಲ್ಲ. ಅದು ತಾಕುವುದು ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವ ದಿನಗಳ ಆಚೀಚೆ 22 ದಿನ ಮಾತ್ರ. ಹೀಗೆ ವರ್ಷಕ್ಕೆ 90ರಷ್ಟು ಗ್ರಹಣ, ಎಲ್ಲವೂ ಉಪಗ್ರಹದ ರೇಖಾಂಶದ ನಡುರಾತ್ರಿಯ ಸುಮಾರಿಗೆ. ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಂಥ ಕಡೆ ಇವು ಪಂಚಾಂಗದಷ್ಟೇ ಖಚಿತವಾಗಿ ಮೊದಲೇ ಗೊತ್ತಿರುವ ದಿನಗಳು. (ಅದೇ ಋತುವಿನಲ್ಲಿ ಹಗಲು ಹೊತ್ತು ಕೆಲವು ನಿಮಿಷ ಡಿಟಿಎಚ್ ಚಿತ್ರ ಕೆಡುವುದು ಬೇರೆ ಕಾರಣಕ್ಕೆ: ಆಗ ಸೂರ್ಯ ಉಪಗ್ರಹದ ನೇರ ಹಿಂದೆ ಬಂದು ಅವನ ರೇಡಿಯೋ ಗದ್ದಲ ಡಿಶ್ಶಿಗೆ ತುಂಬಿಕೊಳ್ಳುತ್ತದೆ.)

ಮಂಗಳಯಾನದ ಕೊನೆಯನ್ನು ಈ ಲೆಕ್ಕದ ಬೆಳಕಿನಲ್ಲಿ ನೋಡಬೇಕು. 2014ರ ಸೆಪ್ಟೆಂಬರ್ 24ರಂದು ಅದು ಸೇರಿದ ಕಕ್ಷೆ ತುಂಬ ಉದ್ದನೆಯ ದೀರ್ಘವೃತ್ತ: ಮಂಗಳಕ್ಕೆ ಹತ್ತಿರದ ತುದಿ ಸುಮಾರು 420 ಕಿಲೋಮೀಟರ್, ದೂರದ ತುದಿ ಸುಮಾರು 77,000 ಕಿಲೋಮೀಟರ್. ಹತ್ತಿರ ಬಂದಾಗ ವೇಗ, ದೂರ ಹೋದಾಗ ನಿಧಾನ ಎಂಬುದು ಕೆಪ್ಲರ್ ಕಂಡ ನಿಯಮ. ಲೆಕ್ಕ ಹಾಕಿದರೆ ಹತ್ತಿರದ ತುದಿಯಲ್ಲಿ ವೇಗ ಸೆಕೆಂಡಿಗೆ 4.6 ಕಿಲೋಮೀಟರ್, ದೂರದ ತುದಿಯಲ್ಲಿ ಬರೀ 220 ಮೀಟರ್. ಮಂಗಳದ ನೆರಳಿನ ಅಗಲ ಹತ್ತಿರದಲ್ಲಿ ಆರು ಸಾವಿರದ ಏಳುನೂರು ಕಿಲೋಮೀಟರಿನಷ್ಟು, ದೂರದಲ್ಲಿ ಅದಕ್ಕಿಂತ ತುಸು ಕಡಿಮೆ. ಅಂದರೆ ನೆರಳು ಹತ್ತಿರದ ತುದಿಗೆ ಬಿದ್ದರೆ ದಾಟಲು ಇಪ್ಪತ್ತೈದು ನಿಮಿಷ. ಅದೇ ನೆರಳು ದೂರದ ತುದಿಗೆ ಬಿದ್ದರೆ ಎಂಟು ಗಂಟೆ. ಬ್ಯಾಟರಿಯನ್ನು ವಿನ್ಯಾಸ ಮಾಡಿದ್ದು ಒಂದು ಗಂಟೆ 40 ನಿಮಿಷದ ಕತ್ತಲಿಗೆ.

ಹೀಗೊಂದು ದೀರ್ಘ ಗ್ರಹಣ ಬರಲಿದೆ ಎಂದು ಮೊದಲೇ ತಿಳಿದು, 2017ರ ಜನವರಿಯಲ್ಲಿ ಸುಮಾರು 20 ಕಿಲೋ ಇಂಧನ ಉರಿಸಿ ಕಕ್ಷೆಯನ್ನೇ ಬದಲಿಸಿದರು. ವಿದ್ಯುತ್ತಿನ ಕೊರತೆಯನ್ನು ಕಕ್ಷೆಯಿಂದ ತೀರಿಸಿದ ಕೆಲಸ ಅದು. ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆರು ತಿಂಗಳಿಗೆಂದು ಕಳಿಸಿದ ನೌಕೆ ಎಂಟು ವರ್ಷದ ಹತ್ತಿರ ಬಾಳಿತು. 2022ರ ಏಪ್ರಿಲ್‌ನಲ್ಲಿ ಮತ್ತೊಂದು ದೀರ್ಘ ಗ್ರಹಣ ಬಂದಾಗ ಸಂಪರ್ಕ ಕಡಿಯಿತು. ಇನ್ನು ಮರಳದು ಎಂದು ಇಸ್ರೋ ಅದೇ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಬೆಂಗಳೂರಿನ ಹೊರವಲಯದ ಬ್ಯಾಲಾಳಿನ 32 ಮೀಟರ್ ಆಂಟೆನಾಕ್ಕೆ ಅದರ ದನಿ ಮತ್ತೆ ಕೇಳಲಿಲ್ಲ. ವಿದ್ಯುತ್ ಆಯುಷ್ಯ ಮುಗಿಯಿತು.

ಗುರುತ್ವ ಯಾವಾಗಲೂ ವಿದ್ಯುತ್ತಿಗೆ ಕಷ್ಟವನ್ನೇ ತರುತ್ತದೆ ಎಂದಲ್ಲ. ಭೂಮಿ ಸರಿಯಾದ ಗೋಳವಲ್ಲ; ಅದರ ಸಮಭಾಜಕದ ತ್ರಿಜ್ಯ ಧ್ರುವದ ತ್ರಿಜ್ಯಕ್ಕಿಂತ 21 ಕಿಲೋಮೀಟರ್ ಹೆಚ್ಚು. ಆ ಉಬ್ಬಿನ ಎಳೆತ ಓರೆಯಾದ ಕಕ್ಷೆಯ ಸಮತಲವನ್ನು ಮೆಲ್ಲಗೆ ತಿರುಗಿಸುತ್ತದೆ. ಕಕ್ಷೆಯ ಓರೆಯನ್ನು 98 ಡಿಗ್ರಿಯ ಹತ್ತಿರ ಇಟ್ಟರೆ ಸಮತಲ ದಿನಕ್ಕೆ ಒಂದು ಡಿಗ್ರಿಗಿಂತ ಕೂದಲೆಳೆಯಷ್ಟು ಕಡಿಮೆ ತಿರುಗುತ್ತದೆ. ಭೂಮಿ ಸೂರ್ಯನನ್ನು ಸುತ್ತುವ ದರವೂ ಅದೇ. ಆಗ ಉಪಗ್ರಹ ವರ್ಷವಿಡೀ ಹಗಲು-ರಾತ್ರಿಯ ಗಡಿಯ ಮೇಲೆಯೇ ಸಾಗುವಂತೆ ಮಾಡಬಹುದು: ಒಂದು ಪಕ್ಕದಲ್ಲಿ ಬೆಳಗಿನ ಆರು ಗಂಟೆ, ಇನ್ನೊಂದು ಪಕ್ಕದಲ್ಲಿ ಸಂಜೆಯ ಆರು. ವರ್ಷದ ಬಹುಭಾಗ ನೆರಳೇ ಇಲ್ಲ, ಫಲಕಕ್ಕೆ ಎಡೆಬಿಡದ ಬಿಸಿಲು. 2012ರ ಏಪ್ರಿಲ್ 26ರಂದು ಇಸ್ರೋ ಹಾರಿಸಿದ ರಿಸ್ಯಾಟ್-1 ಇಂಥ ಕಕ್ಷೆಯಲ್ಲಿತ್ತು. ಅದರ ಕಣ್ಣು ರಾಡಾರ್, ಅಂದರೆ ತಾನೇ ಅಲೆ ಕಳಿಸಿ ನೋಡಬೇಕಾದ ಉಪಕರಣ, ವಿದ್ಯುತ್ತಿನ ಹಸಿವು ದೊಡ್ಡದು. ಭೂಮಿಯ ಹೊಟ್ಟೆ ಉಬ್ಬಿರುವುದರ ಲಾಭ ಒಂದು ಸರ್ಕ್ಯೂಟಿಗೆ ಹೀಗೆ ಸಿಕ್ಕಿತು.

ಕಕ್ಷೆಯನ್ನೇ ನೇರವಾಗಿ ವಿದ್ಯುತ್ತಾಗಿ ಬದಲಿಸಲೂಬಹುದು. 1996ರ ಫೆಬ್ರವರಿಯಲ್ಲಿ ಕೊಲಂಬಿಯಾ ನೌಕೆಯಿಂದ ಇಟಲಿ ಮತ್ತು ಅಮೆರಿಕದ ವಿಜ್ಞಾನಿಗಳು ಸುಮಾರು 20 ಕಿಲೋಮೀಟರ್ ಉದ್ದದ ವಾಹಕ ಹುರಿಯ ತುದಿಗೆ ಒಂದು ಉಪಗ್ರಹವನ್ನು ಕಟ್ಟಿ ಮೇಲಕ್ಕೆ ಬಿಟ್ಟರು. ಭೂಮಿಯ ಕಾಂತಕ್ಷೇತ್ರವನ್ನು ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಕತ್ತರಿಸುತ್ತ ಹೋಗುವ ತಂತಿಯಲ್ಲಿ ವೋಲ್ಟೇಜ್ ಹುಟ್ಟಲೇಬೇಕು. ನಮ್ಮ ಡೈನಮೋಗಳ ತತ್ವ ಅದೇ. 3,500 ವೋಲ್ಟ್ ಹುಟ್ಟಿತು. ಮಂಡಲ ಪೂರ್ತಿಯಾಗಲು ಮರಳುವ ದಾರಿ ಬೇಕಲ್ಲ? ಸುತ್ತಲಿನ ವಿದ್ಯುದಾವೇಶದ ಕಣಗಳೇ ಆ ದಾರಿಯಾದವು, ಅರ್ಧ ಆಂಪಿಯರಿನಷ್ಟು ಕರೆಂಟು ಹರಿಯಿತು. ಇದು ಪುಕ್ಕಟೆ ವಿದ್ಯುತ್ತಲ್ಲ. ಕರೆಂಟು ಹರಿಯುವ ತಂತಿಯನ್ನು ಅದೇ ಕಾಂತಕ್ಷೇತ್ರ ಹಿಂದಕ್ಕೆ ಎಳೆಯುತ್ತದೆ, ಕಕ್ಷೆ ಇಳಿಯುತ್ತದೆ. ಬೆಳಗಿದ ಪ್ರತಿ ವ್ಯಾಟಿಗೂ ಎತ್ತರದಿಂದ ಬೆಲೆ ಕಟ್ಟಬೇಕು. ಹುರಿ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಹೊದಿಕೆಯ ಒಂದು ದೋಷದಲ್ಲಿ ಕಿಡಿ ಹಾರಿ ಅದು ಸುಟ್ಟು ತುಂಡಾಯಿತು. ಪ್ರಯೋಗ ಅರ್ಧಕ್ಕೆ ನಿಂತಿತಾದರೂ ತತ್ವ ಮಾತ್ರ ಸಾಬೀತಾಗಿತ್ತು.

ಎರಡು ಆಯುಷ್ಯಗಳ ಅಂತರ ಇಂದು ಬರೀ ಕುತೂಹಲದ ವಿಷಯವಾಗಿ ಉಳಿದಿಲ್ಲ. ಮಾತು ನಿಂತ ಮೇಲೂ ಕಕ್ಷೆಯಲ್ಲಿ ಉಳಿಯುವ ಉಪಗ್ರಹ ಬೇರೆಯವಕ್ಕೆ ಅಪಾಯ. ಬ್ಯಾಟರಿ ಫಲಕಕ್ಕೆ ಜೋಡಿಕೊಂಡೇ ಇದ್ದರೆ ಬಿಸಿಲು ಅದನ್ನು ವರ್ಷಗಟ್ಟಲೆ ತುಂಬುತ್ತಲೇ ಹೋಗಿ ಒಂದು ದಿನ ಸಿಡಿಸಬಹುದು, ಚೂರುಗಳು ದಶಕಗಳ ಕಾಲ ಸುತ್ತಬಹುದು. ಆದ್ದರಿಂದ ಉಪಗ್ರಹಕ್ಕೆ ಕೊಡುವ ಕೊನೆಯ ಆದೇಶಗಳಲ್ಲಿ ಫಲಕದಿಂದ ಬ್ಯಾಟರಿಯನ್ನು ಬಿಡಿಸುವುದೂ ಒಂದಾಗಬೇಕು. ಆ ಆದೇಶ ಕೇಳಿಸಿಕೊಳ್ಳಲು ಮಂಡಲ ಜೀವಂತ ಇರಬೇಕು. ಕೆಟ್ಟ ಮೇಲೆ ಯಾರೂ ಹೋಗಿ ಸ್ವಿಚ್ ತೆಗೆಯಲಾರರು. ವಿದ್ಯುತ್ ಆಯುಷ್ಯ ಇನ್ನೂ ಸ್ವಲ್ಪ ಇರುವಾಗಲೇ ಕಕ್ಷೆಯ ಆಯುಷ್ಯವನ್ನು ಮುಗಿಸುವುದು ಸರಿಯಾದ ದಾರಿ ಎಂದು ನಾನು ನಂಬುತ್ತೇನೆ, ಅದಕ್ಕೆ ಎಷ್ಟೇ ಇಂಧನ ಎತ್ತಿಡಬೇಕಾಗಿ ಬಂದರೂ.

ಮೇಘಾ-ಟ್ರಾಪಿಕ್ಸ್-1ರ ವಿಷಯದಲ್ಲಿ ಇಸ್ರೋ ಅದನ್ನೇ ಮಾಡಿತು. ಉಷ್ಣವಲಯದ ಹವಾಮಾನ ನೋಡಲು ಫ್ರಾನ್ಸ್ ಜೊತೆ ಸೇರಿ 2011ರ ಅಕ್ಟೋಬರ್ 12ರಂದು ಹಾರಿಸಿದ, ಸುಮಾರು ಒಂದು ಟನ್ ತೂಕದ ಈ ಉಪಗ್ರಹ 860 ಕಿಲೋಮೀಟರಿಗೂ ಹೆಚ್ಚು ಎತ್ತರದಲ್ಲಿತ್ತು. ಬಿಟ್ಟಿದ್ದರೆ ನೂರು ವರ್ಷಕ್ಕೂ ಹೆಚ್ಚು ಅಲ್ಲೇ ಇರುತ್ತಿತ್ತು. ಹೀಗೆ ಕೆಳಗಿಳಿಸಬೇಕೆಂದು ಅದನ್ನು ಮೊದಲೇ ವಿನ್ಯಾಸ ಮಾಡಿರಲಿಲ್ಲ. ಆದರೆ ವಿದ್ಯುತ್ ವ್ಯವಸ್ಥೆ ಬದುಕಿತ್ತು, ಇಂಧನ ಸುಮಾರು 125 ಕಿಲೋ ಉಳಿದಿತ್ತು. 2022ರ ಆಗಸ್ಟ್‌ನಿಂದ ಹಂತ ಹಂತವಾಗಿ ಕಕ್ಷೆಯ ಕೆಳತುದಿಯನ್ನು ಇಳಿಸುತ್ತ ಬಂದು, 2023ರ ಮಾರ್ಚ್ 7ರಂದು ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ಕೊನೆಯ ಎರಡು ಸಲ ನಾಲ್ಕು ಚಿಕ್ಕ ಎಂಜಿನ್‌ಗಳನ್ನು ತಲಾ ಇಪ್ಪತ್ತು ನಿಮಿಷ ಉರಿಸಿ ವೇಗ ತಗ್ಗಿಸಿದರು. ಉಳಿದ ಕೆಲಸವನ್ನು ಗುರುತ್ವವೂ ಗಾಳಿಯೂ ಮಾಡಿದವು. ಉಪಗ್ರಹ ಪೆಸಿಫಿಕ್ ಸಾಗರದ ಜನವಸತಿ ಇಲ್ಲದ ಭಾಗದ ಮೇಲೆ ಉರಿದು ಮುಗಿಯಿತು.